ರಾಮಗಿರಿಯ ತಪ್ಪಲಿನಲ್ಲಿ ನಿಷೇಧದ ರಾಜ್ಯಭಾರ

ಸಾವನದುರ್ಗದ ಏಕಶಿಲೆಯಿಂದ ಮೇಕೆದಾಟಿನ ಕಂದರದವರೆಗೆ ಕಲ್ಲುಬೆಟ್ಟಗಳನ್ನೇ ಕೋಟೆಗೋಡೆಯಾಗಿ ಕಟ್ಟಿಕೊಂಡು, ಅರ್ಕಾವತಿ, ಕಣ್ವ, ಶಿಂಷಾ ನದಿಗಳ ನೀರುಂಡು ಬೆಳೆದ ನಮ್ಮ ಈ ನೆಲ ಎಷ್ಟು ಪ್ರಭುತ್ವಗಳ ಉದಯಾಸ್ತಗಳನ್ನು ಕಂಡಿತೆಂಬುದನ್ನು ಇಲ್ಲಿನ ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಾಗಡಿಯಲ್ಲಿ ಕೆಂಪೇಗೌಡರ ವಂಶ ಆಳಿತು. 1728ರಲ್ಲಿ ಮೈಸೂರಿನ ದಳವಾಯಿಯ ದಂಡು ಆ ವಂಶದ ಕೊನೆಯ ದೊರೆಯನ್ನು ಸೆರೆಹಿಡಿದು ಅವರ ಶತಮಾನಗಳ ವೈಭವಕ್ಕೆ ತೆರೆ ಎಳೆಯಿತು. ಚನ್ನಪಟ್ಟಣದಲ್ಲಿ ಜಗದೇವರಾಯನ ಧ್ವಜ ಹಾರಿ ಇಳಿಯಿತು. ರಾಮಗಿರಿಯ ತಪ್ಪಲಿನ ಊರು ಶಂಷೇರಾಬಾದ್ ಆಯಿತು, ಕ್ಲೋಸ್‌ಪೇಟೆ ಆಯಿತು, ರಾಮನಗರ ಆಯಿತು. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಇನ್ನೊಂದು ಹೆಸರನ್ನು ಒಪ್ಪಿಕೊಂಡಿತು. ಇಷ್ಟೆಲ್ಲ ಪರಿವರ್ತನೆಗಳ ನಡುವೆ ಪ್ರತಿಯೊಬ್ಬ ಪ್ರಭುವಿನ ಮುಂದೆಯೂ ಬಂದು ನಿಂತ ಪ್ರಶ್ನೆಯೊಂದಿದೆ. ಪ್ರಜೆಯ ಅಮಲನ್ನು ಪ್ರಭುತ್ವ ದಂಡಿಸಬೇಕೋ, ಸಹಿಸಬೇಕೋ, ಅಥವಾ ಅದರ ಮೇಲೆ ತೆರಿಗೆ ಹಾಕಿ ಕಣ್ಣು ಮುಚ್ಚಿಕೊಳ್ಳಬೇಕೋ? ಸ್ವಾತಂತ್ರ್ಯಾನಂತರ ಈ ನೆಲ ಹೆತ್ತ ಅಥವಾ ಆರಿಸಿ ಕಳಿಸಿದ ನಾಲ್ವರು ಮುಖ್ಯಮಂತ್ರಿಗಳಾದರು. ಆ ನಾಲ್ವರಲ್ಲಿ ಯಾರ ಕಾಲದ ಚರಿತ್ರೆಯನ್ನು ತೆರೆದರೂ ಈ ಪ್ರಶ್ನೆ ಎದುರಾಗುತ್ತದೆ.

ಅರಮನೆಯ ಧರ್ಮ ಒಂದು, ಹಟ್ಟಿಯ ಧರ್ಮ ಇನ್ನೊಂದು ಎಂಬ ಭೇದ ನಮ್ಮಲ್ಲಿ ಪುರಾತನವಾದದ್ದು. ಕೆರೆಯ ಕೆಳಗಿನ ಈಚಲ ವನ ಹಳ್ಳಿಯ ಆಸ್ತಿಯಾಗಿತ್ತು. ಮುಂಜಾನೆ ಇಳಿಸಿದ ಹೆಂಡ ಕೂಲಿಯವನ ದಣಿವಿಗೂ ಗ್ರಾಮದೇವತೆಯ ಎಡೆಗೂ ಸಲ್ಲುತ್ತಿತ್ತು. ನೀಲಗಾರರು ತಂಬೂರಿ ಮೀಟುತ್ತ ಇರುಳಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಆ ಧರೆಗೆ ದೊಡ್ಡವರು ಕಲ್ಯಾಣದ ಬಾಗಿಲಿಗೆ ಬರುವುದೇ ಸತ್ತ ಕರುವನ್ನೂ ಹೆಂಡದ ಮಡಕೆಯನ್ನೂ ಹೊತ್ತು. ಶುಚಿತ್ವದ ಅಹಂಕಾರ ಹೊತ್ತ ಜಂಗಮರಿಗೆ ಆ ಮಡಕೆಯೇ ಸತ್ವಪರೀಕ್ಷೆಯಾಗುತ್ತದೆ. ಭಂಗಿಸೊಪ್ಪು ಸಾಧುಗಳ ಜೋಳಿಗೆಯಲ್ಲಿ ಗುಟ್ಟಾಗಿ ಅಡಗಿರಲಿಲ್ಲ. ಹೀಗೆ ಜನಪದ ತನ್ನ ಅಮಲನ್ನು ದೈವದ ಅಂಕೆಯಲ್ಲಿಟ್ಟು ನಡೆಸಿಕೊಂಡು ಬಂದಿತ್ತು. ರಾಜಶಾಸನ ಆ ಅಂಗಳಕ್ಕೆ ಕಾಲಿಟ್ಟದ್ದು ಆಮೇಲೆ, ಅದೂ ಬಹುಪಾಲು ಸುಂಕದ ಲೆಕ್ಕ ಹಿಡಿದುಕೊಂಡು.

ಸುಂಕದ ಲೆಕ್ಕವನ್ನು ಪಕ್ಕಕ್ಕಿಟ್ಟು ನಿಷೇಧದ ಆಜ್ಞೆ ಹೊರಡಿಸುವ ಮಹತ್ವಾಕಾಂಕ್ಷೆ ತೋರಿದ ಮೊದಲ ದೊರೆ ಟಿಪ್ಪು ಸುಲ್ತಾನ್. 1787ರಲ್ಲಿ ತನ್ನ ಮಂತ್ರಿ ಮೀರ್ ಸಾದಿಕನಿಗೆ ಬರೆದ ಪತ್ರದಲ್ಲಿ ಆತ ಮದ್ಯದ ಸಂಪೂರ್ಣ ನಿರ್ಮೂಲನದ ಸಂಕಲ್ಪವನ್ನು ವ್ಯಕ್ತಪಡಿಸಿದ. ಪ್ರಜೆಗಳ ನೀತಿ ಮತ್ತು ದೇಹಬಲದ ಮುಂದೆ ಬೊಕ್ಕಸದ ನಷ್ಟ ಲೆಕ್ಕಕ್ಕೆ ಬಾರದೆಂಬುದು ಅದರ ತಾತ್ಪರ್ಯ. ಪ್ರಭುತ್ವದ ಆದಾಯವನ್ನು ಪ್ರಭುವೇ ಕಡಿದುಹಾಕುವ ಇಂಥ ಮಾತು ಅಂದಿಗೆ ಅಪೂರ್ವ, ಇಂದಿಗೂ ಅಪೂರ್ವವೇ. ಆದರೆ ಆ ಸಂಕಲ್ಪ ನೆಲಕ್ಕಿಳಿದು ಬೇರೂರುವಷ್ಟು ಕಾಲಾವಕಾಶವನ್ನು ವಿಧಿ ಕೊಡಲಿಲ್ಲ. 1791ರ ಡಿಸೆಂಬರ್ 21ರಂದು, ಅಭೇದ್ಯವೆಂದು ಹೆಸರಾಗಿದ್ದ ಸಾವನದುರ್ಗ ಕಾರ್ನ್‌ವಾಲಿಸನ ಫಿರಂಗಿಗಳಿಗೆ ತುತ್ತಾಯಿತು. ಅದರ ಬೆನ್ನಿಗೇ ರಾಮಗಿರಿಯ ಕೋಟೆಯೂ ಬಾಗಿಲು ತೆರೆಯಿತು. ಶತ್ರುಸೈನ್ಯಕ್ಕೆ ಕಾಳು, ಹುಲ್ಲು ಸಿಗಬಾರದೆಂದು ಸುಲ್ತಾನ ತನ್ನದೇ ಕಾನಕಾನಹಳ್ಳಿಯನ್ನು, ಎಂದರೆ ಇಂದಿನ ಕನಕಪುರವನ್ನು, ಹಾಳುಗೆಡವಬೇಕಾಗಿ ಬಂತು. ಮರುವರ್ಷ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕಿತ್ತುಕೊಂಡಿತು. 1799ರಲ್ಲಿ ಸುಲ್ತಾನನ ಜೊತೆಗೇ ಆ ಆಜ್ಞೆಯೂ ಅಳಿಯಿತು.

ಹೊಸ ಪ್ರಭುತ್ವಕ್ಕೆ ಇಂಥ ಧರ್ಮಸಂಕಟ ಇರಲಿಲ್ಲ. ದಿವಾನ್ ಪೂರ್ಣಯ್ಯ ಇಂಗ್ಲಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ರಾಮಗಿರಿಯ ಬುಡದಲ್ಲಿ ಪೇಟೆ ಕಟ್ಟಿಸಿದ ಕಾಲದಿಂದ ಮೊದಲುಗೊಂಡು, ಕಮಿಷನರುಗಳ ಐವತ್ತು ವರ್ಷಗಳನ್ನು ದಾಟಿ, ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯವರೆಗೆ ಅಬಕಾರಿ ಎಂಬುದು ಕಂದಾಯದ ಪಕ್ಕದಲ್ಲಿ ನಿಂತ ಎರಡನೆಯ ಆಧಾರಸ್ತಂಭವಾಗಿ ಬೆಳೆಯಿತು. ಈಚಲ ಮರಕ್ಕೆ ಗುರುತು ಬಿತ್ತು, ಪಡಖಾನೆಗೆ ಹರಾಜು ಬಂತು, ಭಟ್ಟಿಗೆ ಸರ್ಕಾರದ ಮುದ್ರೆ ಬಂತು. 1901ರ ಅಬಕಾರಿ ರೆಗ್ಯುಲೇಷನ್ ಇವೆಲ್ಲವನ್ನೂ ಒಂದು ಶಾಸನದ ಸೂರಿನಡಿ ತಂದಿತು. ಅಂದು ಗಾಂಜಾ ಕೂಡ ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಬಹಿರಂಗವಾಗಿ ಮಾರಾಟವಾಗುವ, ಸರ್ಕಾರಕ್ಕೆ ಶುಲ್ಕ ಸಲ್ಲಿಸುವ ಸರಕಾಗಿತ್ತೆಂಬುದನ್ನು ಇಂದಿನ ಓದುಗರು ವಿಶೇಷವಾಗಿ ಗಮನಿಸಬೇಕು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯೊಂದರ ಫಲವಾಗಿ 1893ರಲ್ಲಿ ನೇಮಕವಾದ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಆಯೋಗವೊಂದು ಭಾರತದುದ್ದಕ್ಕೂ ಸಾವಿರಕ್ಕೂ ಮಿಕ್ಕಿದ ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಗಾಂಜಾ ಸೇವನೆಯಿಂದ ಗಣನೀಯ ಹಾನಿ ಕಾಣುತ್ತಿಲ್ಲವೆಂದೂ, ಸಂಪೂರ್ಣ ನಿಷೇಧ ಅಗತ್ಯವೂ ಅಲ್ಲ, ಉಚಿತವೂ ಅಲ್ಲವೆಂದೂ, ತೆರಿಗೆ ಮತ್ತು ನಿಯಂತ್ರಣವೇ ಯುಕ್ತಮಾರ್ಗವೆಂದೂ ವರದಿ ಬರೆಯಿತು. ವಸಾಹತುಶಾಹಿಯ ಲಾಭಬುದ್ಧಿ ಅದರೊಳಗೆ ಇರಲಿಲ್ಲವೆನ್ನಲು ಬಾರದು. ಆದರೂ ಅಷ್ಟು ತಾಳ್ಮೆಯ ವಿಚಾರಣೆ ಆ ವಿಷಯದಲ್ಲಿ ಆಮೇಲೆ ನಮ್ಮವರಿಂದ ನಡೆದದ್ದು ಅಪರೂಪ.

ಪರಪ್ರಭುತ್ವದ ಬೊಕ್ಕಸವನ್ನು ತುಂಬುವ ಹೆಂಡವೆಂದರೆ ಗುಲಾಮಗಿರಿಯ ಪಾನವೆಂಬ ಭಾವ ಗಾಂಧೀಯುಗದಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. 1937ರ ಅಕ್ಟೋಬರ್ 1ರಂದು ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೊಳಿಸಿದರು. ಹೊಸೂರು, ಡೆಂಕಣಿಕೋಟೆಗಳು ಅಂದು ಆ ಜಿಲ್ಲೆಗೇ ಸೇರಿದ್ದುದರಿಂದ, ಕನಕಪುರದ ಕಾಡಂಚಿನ ಆಚೆ ದಡಕ್ಕೆ ನಿಷೇಧ ಬಂದು ಕೂತಂತಾಯಿತು. ಎರಡು ವರ್ಷಗಳ ತರುವಾಯ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಈಚಲ ಮರಗಳನ್ನು ಉರುಳಿಸಿದರು. ಆ ಹೋರಾಟದಲ್ಲಿ ಸೆರೆಮನೆ ಸೇರಿ ವಕೀಲಿ ಸನದನ್ನೂ ಕಳೆದುಕೊಂಡ ತರುಣ ಎಸ್. ನಿಜಲಿಂಗಪ್ಪನವರು. ಅವರ ಹೆಸರು ಈ ಕಥನದಲ್ಲಿ ಮತ್ತೊಮ್ಮೆ ಬರುತ್ತದೆ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಮೈಸೂರು ಪಾನನಿಷೇಧ ಕಾಯ್ದೆ ಹುಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ದೆಹಲಿಯ ಸಂವಿಧಾನ ಸಭೆಯಲ್ಲಿ ಇಂದಿನ 47ನೆಯ ವಿಧಿ ಚರ್ಚೆಗೆ ಬಂದಾಗ, ಮಾದಕ ಪಾನೀಯ ಮತ್ತು ಆರೋಗ್ಯಕ್ಕೆ ಹಾನಿಕರವಾದ ದ್ರವ್ಯಗಳನ್ನು ಔಷಧಕ್ಕಲ್ಲದೆ ನಿಷೇಧಿಸಲು ರಾಜ್ಯ ಯತ್ನಿಸಬೇಕೆಂಬ ಮಾತು ಸೇರ್ಪಡೆಯಾಯಿತು. ಆದಿವಾಸಿಗಳ ಅಕ್ಕಿಯ ಮದ್ಯ ಅವರ ಉಪಾಸನೆಯ ಅಂಗವೆಂದು ಜೈಪಾಲ್ ಸಿಂಗ್ ಮುಂಡಾ ಎದ್ದು ನಿಂತು ವಾದಿಸಿದರು. ಆ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲಿ ಒಬ್ಬರಾಗಿದ್ದವರು ನಮ್ಮ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯನವರು. ಕ್ಲೋಸನ ಹೆಸರನ್ನು ಅಳಿಸಿ ಊರಿಗೆ ರಾಮನ ಹೆಸರನ್ನು ಕೊಟ್ಟವರೂ ಅವರೇ.

1952ರ ಮಾರ್ಚಿಯಿಂದ 1956ರ ಆಗಸ್ಟಿನವರೆಗೆ ಹನುಮಂತಯ್ಯನವರು ಆಳಿದರು. ವಿಧಾನಸೌಧವೆಂಬ ಶಿಲಾಕಾವ್ಯ ಅವರ ಮಹತ್ವಾಕಾಂಕ್ಷೆಗೆ ಸಾಕ್ಷಿಯಾಗಿ ನಿಂತಿದೆ. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯ ಉದಯಿಸಿದಾಗ ಒಂದೇ ಕನ್ನಡನಾಡಿನೊಳಗೆ ಅಮಲಿನ ಬಗೆಗೆ ಹಲವು ಕಾನೂನುಗಳು ಒಟ್ಟಾಗಿ ಬಂದು ಕೂತವು. ಧಾರವಾಡ, ಬೆಳಗಾವಿಗಳು ಮುಂಬಯಿಯ ಕಟ್ಟುನಿಟ್ಟಿನ ನಿಷೇಧವನ್ನು ತಂದವು. ಮಂಗಳೂರಿನದು ಮದರಾಸಿನ ನಿಷೇಧ. ಕಲಬುರಗಿ, ರಾಯಚೂರುಗಳು ನಿಜಾಮನ ಕಾಲದ ಅಬಕಾರಿಯನ್ನು ಹೊತ್ತು ಬಂದವು. ಅಣ್ಣತಮ್ಮಂದಿರು ಕೂಡಿದ ಮನೆಯಲ್ಲಿ ಒಬ್ಬನ ಪಾಲಿಗೆ ಕುಡಿತ ಅಪರಾಧ, ಇನ್ನೊಬ್ಬನ ಪಾಲಿಗೆ ಸರ್ಕಾರಿ ಆದಾಯ! ಏಕರೂಪಕ್ಕೆಂದು ಮೈಸೂರು ಪಾನನಿಷೇಧ ಕಾಯ್ದೆಯನ್ನು 1961ರಲ್ಲಿ ರೂಪಿಸಲಾಯಿತು. ಆದರೆ ಕಾಡಂಚಿನ ಕಳ್ಳಭಟ್ಟಿ ಯಾವ ಶಾಸನಕ್ಕೂ ತಲೆಬಾಗಲಿಲ್ಲ. ಕೊಳೆತ ಬೆಲ್ಲವೂ ಜಾಲಿತೊಗಟೆಯೂ ಇದ್ದ ಮಡಕೆಯನ್ನು ಮಣ್ಣಿನಲ್ಲಿ ಹೂತಿಡುವ ವಿದ್ಯೆ ಹಳ್ಳಿಹಳ್ಳಿಗೂ ಗೊತ್ತಿತ್ತು. ಕೊನೆಗೆ 1967ರಲ್ಲಿ ಮೈಸೂರು ರಾಜ್ಯ ನಿಷೇಧವನ್ನು ಕೈಬಿಟ್ಟಿತು. ಅಂದು ಮುಖ್ಯಮಂತ್ರಿಯಾಗಿದ್ದವರು ತುರುವನೂರಿನ ಸತ್ಯಾಗ್ರಹಿ ನಿಜಲಿಂಗಪ್ಪನವರೇ. ಅವರ ಹಣಕಾಸು ಮಂತ್ರಿ ರಾಮಕೃಷ್ಣ ಹೆಗಡೆಯವರು. ಇದನ್ನು ವ್ಯಕ್ತಿಯ ಪತನವೆಂದು ಓದುವುದು ಅನ್ಯಾಯವಾದೀತು. ಕೊಡಲಿ ಹಿಡಿದಿದ್ದ ಕೈಗೆ ಈಗ ರಾಜ್ಯದ ಆಯವ್ಯಯ ಬಂದಿತ್ತು, ಶಾಲೆ, ಅಣೆಕಟ್ಟು, ಸಂಬಳಗಳ ಪಟ್ಟಿ ಎದುರಿಗಿತ್ತು. (ನಿಷೇಧ ಅಳಿದ ಕೆಲವೇ ವರ್ಷಗಳಲ್ಲಿ ರಾಮದೇವರಬೆಟ್ಟದ ಬುಡದಲ್ಲಿ ‘ಶೋಲೆ’ ಚಿತ್ರ ತಯಾರಾಯಿತು, ಕುಡಿದು ನೀರಿನ ಟ್ಯಾಂಕು ಹತ್ತಿದ ವೀರುವಿನ ಗರ್ಜನೆಯನ್ನು ಇಡೀ ದೇಶ ಕೇಳಿದ್ದು ನಮ್ಮ ಬಂಡೆಗಳ ನಡುವಿನಿಂದಲೇ.)

ಮುಂದಿನ ನಾಲ್ಕು ದಶಕ ಸಾರಾಯಿಯ ಸಾಮ್ರಾಜ್ಯ. ವರ್ಷಕ್ಕೊಮ್ಮೆ ನಡೆಯುವ ಹರಾಜಿನಲ್ಲಿ ತಾಲ್ಲೂಕುಗಳೇ ಬಿಕರಿಯಾದವು. ಹರಾಜು ಹಿಡಿದ ಕಂಟ್ರಾಕ್ಟರನು ಪಾಳೆಯಗಾರನಂತೆ ತನ್ನ ದಂಡು, ತನ್ನ ಜೀಪು, ತನ್ನ ಗಡಿ ಇಟ್ಟುಕೊಂಡು ಮೆರೆದ. ಚುನಾವಣೆಯ ಖರ್ಚಿಗೆ ಯಾವ ಪಕ್ಷಕ್ಕೆ ಎಲ್ಲಿಂದ ಹಣ ಬರುತ್ತದೆಂಬುದು ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೂ ತಿಳಿದಿತ್ತು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬಡವರ ಕೇರಿಗಳಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ವರ್ಷ ಕಳೆಯುವುದರೊಳಗೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅಧಿಕಾರಕ್ಕೆ ಬಂತು. ಅದರ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರಿಗೆ ಶಾಸನಸಭೆಯ ಸ್ಥಾನ ಕೊಟ್ಟದ್ದು ಕನಕಪುರ. ಉತ್ತರ ಕನ್ನಡದ ಆ ಸುಸಂಸ್ಕೃತ ಮುತ್ಸದ್ದಿಯನ್ನು 1983ರ ಉಪಚುನಾವಣೆಯಲ್ಲಿ ಕನಕಪುರದ ಮತದಾರರು ತಮ್ಮವನೆಂದು ಎತ್ತಿಕೊಂಡರು. ಪಂಚಾಯತಿಗಳಿಗೆ ಅಧಿಕಾರ ಕೊಟ್ಟು ದೇಶಕ್ಕೇ ಮೇಲ್ಪಂಕ್ತಿಯಾದ ಆ ಸರ್ಕಾರ ತಡವರಿಸಿ ಬಿದ್ದ ಮೊದಲ ಕಲ್ಲು ಸಾರಾಯಿಯೇ. ಸಾರಾಯಿಯನ್ನು ಸೀಸೆಗೆ ತುಂಬಿಸುವ ಗುತ್ತಿಗೆಗಳನ್ನು ಖಾಸಗಿಯವರಿಗೆ ಕೊಟ್ಟ ರೀತಿಯನ್ನು ಹೈಕೋರ್ಟ್ ಕಟುವಾಗಿ ಟೀಕಿಸಿತು. 1986ರ ಫೆಬ್ರವರಿಯಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟು, ಮೂರು ದಿನಗಳಲ್ಲಿ ಹಿಂದಕ್ಕೆ ಪಡೆದರು. ನಿಷೇಧ ತೆಗೆದ ಮಂತ್ರಿಮಂಡಲದಲ್ಲಿ ಹಣದ ಕೀಲಿ ಹಿಡಿದಿದ್ದವರನ್ನು ಹತ್ತೊಂಬತ್ತು ವರ್ಷಗಳ ನಂತರ ಅದೇ ಸರಕು ಬಂದು ತಾಗಿತು.

1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾಗಿ, 1996ರಲ್ಲಿ ಪ್ರಧಾನಿ ಪಟ್ಟಕ್ಕೇರಿದ ಎಚ್.ಡಿ. ದೇವೇಗೌಡರ ಕಾಲದಲ್ಲಿ ನೆರೆಯ ಆಂಧ್ರ ಹೊತ್ತಿ ಉರಿಯುತ್ತಿತ್ತು. ನೆಲ್ಲೂರಿನ ದೂಬಗುಂಟ ಗ್ರಾಮದ ಹೆಂಗಸರು ಎಬ್ಬಿಸಿದ ಅಲೆಯ ಮೇಲೆ ಎನ್.ಟಿ. ರಾಮರಾವ್ ಸಂಪೂರ್ಣ ನಿಷೇಧ ತಂದರು, ಅವರ ಅಳಿಯ ಚಂದ್ರಬಾಬು ನಾಯ್ಡು 1997ರಲ್ಲಿ ತೆಗೆದರು. ಕರ್ನಾಟಕ ನೋಡುತ್ತ ಕುಳಿತಿತು. 2003ರಲ್ಲಿ ಮದ್ಯದ ಸಗಟು ವ್ಯಾಪಾರವನ್ನು ರಾಜ್ಯ ಪಾನೀಯ ನಿಗಮವೇ ವಹಿಸಿಕೊಂಡಿತು. ಹೀಗೆ ಕುಡಿತದ ಲೆಕ್ಕಪುಸ್ತಕ ಕಂಟ್ರಾಕ್ಟರನ ಪೆಟ್ಟಿಗೆಯಿಂದ ಸರ್ಕಾರದ ಕಂಪ್ಯೂಟರಿಗೆ ಬಂದಮೇಲೆ, ಹಳೆಯ ಪಾಳೆಯಗಾರನನ್ನು ಇಳಿಸುವುದು ಸುಲಭವಾಯಿತು. 2006ರ ಫೆಬ್ರವರಿಯಲ್ಲಿ ರಾಮನಗರದ ಶಾಸಕ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯೂ ಹಣಕಾಸು ಮಂತ್ರಿಯೂ ಆದರು. ಮರುವರ್ಷದ ಆಯವ್ಯಯದಲ್ಲಿ ಸಾರಾಯಿ ನಿಷೇಧದ ಘೋಷಣೆ ಬಂತು. 2007ರ ಜುಲೈ 1ರಂದು ನಾಡಿನ ಸಾರಾಯಿ ಅಂಗಡಿಗಳು ಬಾಗಿಲು ಹಾಕಿದವು. ಐವತ್ಮೂರು ದಿನಗಳ ತರುವಾಯ, ಆಗಸ್ಟ್ 23ರಂದು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದವು. ನಮ್ಮ ಜಿಲ್ಲೆ ಹುಟ್ಟುವಾಗಲೇ ಸಾರಾಯಿಯ ಪ್ಯಾಕೆಟ್ಟು ಕಾನೂನುಬಾಹಿರವಾಗಿತ್ತು. ಅಕ್ಟೋಬರಿನಲ್ಲಿ ಆ ಮೈತ್ರಿ ಸರ್ಕಾರವೇ ಉರುಳಿತು. ಆದರೆ ಅದರ ಈ ಒಂದು ಆಜ್ಞೆ ಮಾತ್ರ ಉಳಿಯಿತು. ಬಂದ ಯಾವ ಪಕ್ಷವೂ ಅದನ್ನು ಮುಟ್ಟಲಿಲ್ಲ.

ಏಕೆ ಉಳಿಯಿತೆಂದು ವಿಚಾರಿಸುವುದು ಚರಿತ್ರಕಾರನ ಕರ್ತವ್ಯ. ಟಿಪ್ಪುವಿನ ನಿಷೇಧ ಬೊಕ್ಕಸವನ್ನು ಬರಿದುಮಾಡುವಂಥದು, 1948ರದೂ ಅಂಥದೇ. 2007ರ ನಿಷೇಧ ಬೊಕ್ಕಸಕ್ಕೆ ಬೇರೊಂದು ದಾರಿ ತೆರೆದಿಟ್ಟಿತ್ತು. ಪ್ಯಾಕೆಟ್ಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳ ಕಿರುಸೀಸೆ ಬಂತು, ಸರ್ಕಾರಿ ಎಂಎಸ್‌ಐಎಲ್ ಮಳಿಗೆ ಬಂತು. ಕುಡಿಯುವವನು ಅದೇ ಕೂಲಿಯಾಳು, ಕೂಲಿಯಿಂದ ಹೆಚ್ಚಿಗೆ ಹೋದದ್ದಷ್ಟೇ ವ್ಯತ್ಯಾಸ. ಆ ವ್ಯತ್ಯಾಸವನ್ನು ಭರಿಸಲಾಗದವನು ಎತ್ತ ಹೋದನೆಂಬುದಕ್ಕೆ 2008ರ ಮೇ ತಿಂಗಳ ದುರಂತವಿದೆ. ವಿಧಾನಸಭಾ ಚುನಾವಣೆಯ ಗದ್ದಲದ ನಡುವೆ ಬೆಂಗಳೂರಿನ ಹೊರವಲಯ, ಆನೇಕಲ್, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ವಿಷಮದ್ಯ ನೂರೈವತ್ತಕ್ಕೂ ಹೆಚ್ಚು ಜೀವ ತೆಗೆಯಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಪೂರ್ಣ ಪಾನನಿಷೇಧ ಬೇಡುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದಾಗ ಮುಖ್ಯಮಂತ್ರಿ ಪೀಠದಲ್ಲಿದ್ದವರು ಮತ್ತೆ ಕುಮಾರಸ್ವಾಮಿಯವರೇ, ಈ ಬಾರಿ ಚನ್ನಪಟ್ಟಣದ ಶಾಸಕರಾಗಿ. ಸಾರಾಯಿ ನಿಲ್ಲಿಸಿದ್ದ ಸರ್ಕಾರದ ನಾಯಕರು ಸೀಸೆಯನ್ನು ನಿಲ್ಲಿಸಲಿಲ್ಲ. ನಿಲ್ಲಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. 2025-26ರ ಆಯವ್ಯಯದಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ.

ಗಾಂಜಾದ ಗತಿ ಮಾತ್ರ ಬೇರೆಯಾಯಿತು. 1961ರ ಅಂತರರಾಷ್ಟ್ರೀಯ ಮಾದಕವಸ್ತು ಒಡಂಬಡಿಕೆಗೆ ಸಹಿ ಮಾಡಿದ ಭಾರತ, ಗಾಂಜಾ ಬಳಕೆ ನಿಲ್ಲಿಸಲು ಅದು ಕೊಟ್ಟ ಗಡುವು ಹತ್ತಿರವಾದಾಗ, 1985ರಲ್ಲಿ, ಮಾದಕವಸ್ತುಗಳನ್ನು ಕುರಿತ ಎನ್‌ಡಿಪಿಎಸ್ ಕಾಯ್ದೆಯನ್ನು ತಂದಿತು. ಒಂದು ಕಾಲಕ್ಕೆ ಲೈಸೆನ್ಸ್ ಅಂಗಡಿಯಲ್ಲಿ ಸಿಗುತ್ತಿದ್ದ ಸೊಪ್ಪು ಜೈಲಿನ ಸರಕಾಯಿತು. ಒಂದು ಕಿಲೋದವರೆಗೆ ಅಲ್ಪ ಪ್ರಮಾಣ, ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ, ಸೇದಿದವನಿಗೂ ಶಿಕ್ಷೆ. ಹೂವಿನ ತೆನೆಯಿಲ್ಲದ ಎಲೆಯನ್ನೂ ಬೀಜವನ್ನೂ ಆ ಕಾಯ್ದೆ ಹೊರಗಿಟ್ಟಿತ್ತು. ಭಂಗಿ ನಿಷೇಧಿತ ವಸ್ತುವಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರ ಆಗಸ್ಟಿನಲ್ಲಿ ಹೇಳಿದಾಗ ಅನೇಕರು ಬೆರಗಾದರು, ಮಂಟೇಸ್ವಾಮಿಯ ಒಕ್ಕಲು ಬೆರಗಾಗಿರಲಾರದು. ವಿಧಾನಸೌಧದ ನಿಲುವು ಇದರಿಂದ ಕದಲಲಿಲ್ಲ. ಬಿಜೆಪಿ ಆಳಲಿ, ಕಾಂಗ್ರೆಸ್ ಆಳಲಿ, ಮಾದಕವಸ್ತು ಮುಕ್ತ ಕರ್ನಾಟಕವೆಂಬುದೇ ಘೋಷಣೆ, ದಂಡವೇ ಸಾಧನ. 2020ರಲ್ಲಿ ಚಿತ್ರರಂಗದವರ ಬಂಧನದ ಕಾಲದಿಂದ ಗೃಹಮಂತ್ರಿಯಾಗಿ ಜಿ. ಪರಮೇಶ್ವರರು ಕೊಟ್ಟ ಎಚ್ಚರಿಕೆಗಳವರೆಗೆ ಈ ದನಿ ಒಂದೇ. ಈ ಕಾಠಿಣ್ಯದಲ್ಲಿ ಪ್ರಾಮಾಣಿಕ ಕಾಳಜಿಯಿದೆ, ಮಗನನ್ನು ಕಳೆದುಕೊಂಡ ಮನೆಗಳ ಸಂಕಟವಿದೆ, ಅದನ್ನು ಅಲ್ಲಗಳೆಯಲಾರೆ. ಗಾಂಜಾಕ್ಕೆ ಹರಾಜಿಲ್ಲ, ನಿಗಮವಿಲ್ಲ, ಆಯವ್ಯಯದಲ್ಲಿ ಒಂದು ಸಾಲೂ ಇಲ್ಲ ಎಂಬುದೂ ಅಷ್ಟೇ ನಿಜ. ಕಳೆದುಕೊಳ್ಳಲು ಏನೂ ಇಲ್ಲದ ಕಡೆ ನಮ್ಮ ಪ್ರಭುತ್ವಗಳು ಅಚಲವಾಗಿ ನಿಂತಿವೆ, ಕಳೆದುಕೊಳ್ಳುವುದಿದ್ದ ಕಡೆ ಕಾಲಕ್ಕೆ ತಕ್ಕಂತೆ ಬಾಗಿವೆ.

ಹೊರಗಿನ ಲೋಕದಲ್ಲಿಯೂ ಈ ಏರಿಳಿತ ತಪ್ಪಿಲ್ಲ. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧಪಟ್ಟಿಯಿಂದ ತೆಗೆದು ವ್ಯಸನಿಯನ್ನು ವೈದ್ಯರ ಕಡೆ ಕಳಿಸಿತು, ಇಂದಿಗೂ ಆ ದಾರಿಯಲ್ಲೇ ಇದೆ. ಅಮೆರಿಕದ ಆರೆಗನ್ ಸಂಸ್ಥಾನ 2020ರಲ್ಲಿ ಜನಮತದಿಂದ ಅದೇ ಮಾರ್ಗ ಹಿಡಿದು 2024ರಲ್ಲಿ ಹಿಂದಿರುಗಿತು. ಚಿಕಿತ್ಸೆಯ ಏರ್ಪಾಡು ಮೊದಲೇ ಸಿದ್ಧವಿರಲಿಲ್ಲವೆಂಬುದು ಅಲ್ಲಿ ಬಹುವಾಗಿ ಕೇಳಿಬಂದ ಕಾರಣ. ನಮ್ಮಲ್ಲಿಯೂ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2021ರಲ್ಲಿ, ಅಲ್ಪ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿಯನ್ನು ಸೆರೆಮನೆಯ ಬದಲು ಚಿಕಿತ್ಸೆಗೆ ಕಳಿಸಬೇಕೆಂದು ಸಲಹೆ ಮಾಡಿತ್ತು. ಶಾಸನ ಇನ್ನೂ ಹಾಗೆಯೇ ಇದೆ. ಅದು ಸಂಸತ್ತಿನ ಶಾಸನವೇ ಹೊರತು ವಿಧಾನಸೌಧದ್ದಲ್ಲ. ಆದರೆ ಅದೇ ಕಾಯ್ದೆಯ 64ಎ ಕಲಮು, ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದು ಮುಗಿಸಿದರೆ ಅವನ ಮೇಲೆ ಮೊಕದ್ದಮೆ ನಡೆಯಬಾರದೆಂದು ಹೇಳುತ್ತದೆ. ಹೊಸ ಹೆದ್ದಾರಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ನಮ್ಮ ಜಿಲ್ಲೆಗೆ ಒಂದು ಗಂಟೆಯ ದಾರಿ. ಮಾಗಡಿಯ ಅಥವಾ ಕನಕಪುರದ ಹುಡುಗನೊಬ್ಬ ಒಂದು ಪೊಟ್ಟಣದೊಡನೆ ಸಿಕ್ಕಿಬಿದ್ದ ರಾತ್ರಿ ಅವನ ತಾಯಿಗೆ ಆ ಕಲಮಿನ ಸಂಗತಿ ಹೇಳುವವರು ಠಾಣೆಯಲ್ಲಿ ಒಬ್ಬರಿರಬೇಕೆಂದು ಆಜ್ಞೆ ಮಾಡಲು ದೆಹಲಿಯ ಅಪ್ಪಣೆ ಬೇಕಾಗಿಲ್ಲ.